ಇಳಿದ ತೂಕ, ಉಳಿದ ಚರ್ಮ

ತೂಕ ಇಳಿಸಿಕೊಂಡವರನ್ನು ಕಂಡರೆ ಜನ ಕೇಳುವ ಮೊದಲ ಪ್ರಶ್ನೆ, "ಎಷ್ಟು ಇಳೀತು?" ಎರಡನೆಯದು, "ಏನು ಮಾಡಿದ್ರಿ?" ಎರಡಕ್ಕೂ ನನ್ನ ಬಳಿ ಉತ್ತರ ಇದೆ. 118 ಕೆಜಿ ಇದ್ದವಳು ಒಂದೂವರೆ ವರ್ಷದಲ್ಲಿ 66ಕ್ಕೆ ಬಂದೆ. ಮಾಡಿಸಿಕೊಂಡದ್ದು ಬೇರಿಯಾಟ್ರಿಕ್ ಸರ್ಜರಿ. ಆದರೆ 52 ಕೆಜಿ ಹೊರಟುಹೋದ ಮೇಲೆ, ಅದನ್ನು ಅಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಚರ್ಮ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಅಂಥದ್ದೊಂದು ಪ್ರಶ್ನೆ ಇದೆ ಅಂತಲೇ ಯಾರಿಗೂ ಹೊಳೆಯುವುದಿಲ್ಲ. ಜಾಹೀರಾತುಗಳ 'ಮೊದಲು', 'ಆಮೇಲೆ' ಫೋಟೋಗಳನ್ನು ಗಮನಿಸಿ ನೋಡಿ. 'ಆಮೇಲೆ'ಯ ಹೆಂಗಸು ಹೆಚ್ಚಾಗಿ ಉದ್ದ ತೋಳಿನ ಟಾಪ್ ಹಾಕಿಕೊಂಡೇ ನಗುತ್ತಿರುತ್ತಾಳೆ. ಆ ತೋಳು ಯಾಕೆ ಉದ್ದ ಅಂತ ಈಗ ನನಗೆ ಚೆನ್ನಾಗಿ ಗೊತ್ತು.

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನನಗೆ 39 ವರ್ಷವಾಗಿದ್ದಾಗ ಆಪರೇಷನ್ ಆಯಿತು. ಆಗ ಸಕ್ಕರೆ ಕಾಯಿಲೆಗೆ ದಿನಕ್ಕೆ ಮೂರು ಮಾತ್ರೆ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತುಹೋಗುತ್ತದೆ ಅಂತ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆಷಿನ್ ಹಾಕಿ ಮಲಗುತ್ತಿದ್ದೆ. ಡಾಕ್ಟರು ಹೇಳಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನ ಆಕಾರದ ಕೊಳವೆಯೊಂದನ್ನು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ತಯಾರಾಗುವುದು ತೆಗೆದುಹಾಕುವ ಆ ಭಾಗದಲ್ಲೇ. ಹಾಗಾಗಿ ಹೊಟ್ಟೆಯ ಅಳತೆ ಮಾತ್ರವಲ್ಲ, ಹಸಿವಿನ ಜೋರೂ ತಗ್ಗುತ್ತದೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು, ಕೋಸಂಬರಿ ಮುಗಿಯುವಷ್ಟರಲ್ಲೇ ಸಾಕಾಗಿ, ಬಡಿಸುವವರ ಮುಖ ನೋಡಲಾರದೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವ ಕಷ್ಟ ಒಂದನ್ನು ಬಿಟ್ಟರೆ, ಆ ಆಪರೇಷನ್ ಬಗ್ಗೆ ನನಗೆ ದೂರಿಲ್ಲ. ಮಾತ್ರೆ ನಿಂತವು. ಮಾಸ್ಕ್ ಅಟ್ಟ ಸೇರಿತು. ಶಾಲೆಯ ಮಹಡಿ ಮೆಟ್ಟಿಲಲ್ಲಿ ನಡುವೆ ನಿಂತು, ಫೋನ್ ನೋಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳುವುದು ತಪ್ಪಿತು.

ನಾಲ್ಕನೇ ತಿಂಗಳಿಗೆ ಕೂದಲು ಉದುರಲು ಶುರುವಾಯಿತು. ತಲೆ ಬಾಚಿದರೆ ಬಾಚಣಿಗೆಯ ತುಂಬ, ಸ್ನಾನ ಮಾಡಿದರೆ ಬಚ್ಚಲ ಜಾಲರಿಯ ತುಂಬ ಕೂದಲು. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ತೂಕ ಬೇಗ ಇಳಿದಾಗ, ಕೂದಲು ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗಿ ಕೆಲವು ತಿಂಗಳ ನಂತರ ಒಟ್ಟಿಗೆ ಉದುರುತ್ತದೆ, ಮತ್ತೆ ಬರುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗಬೇಕು ಅಂತ ಮೊಟ್ಟೆ, ಪನೀರು, ಹುರುಳಿಕಾಳು ಲೆಕ್ಕ ಹಾಕಿ ತಿಂದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳಂತೂ ಜೀವನಪೂರ್ತಿ. ಒಂದು ವರ್ಷ ಕಳೆಯುವಷ್ಟರಲ್ಲಿ ಕೂದಲು ವಾಪಸು ಬಂತು. ಆದರೆ ನಡುವಿನ ಆ ತಿಂಗಳುಗಳಲ್ಲಿ ಕೆನ್ನೆ ಒಳಹೋಗಿ, ಕಣ್ಣ ಕೆಳಗೆ ಕಪ್ಪಾಗಿ, ಬೈತಲೆ ಅಗಲವಾಗಿದ್ದ ನನ್ನನ್ನು ನೋಡಿದ ಪಕ್ಕದ ಬೀದಿಯವರೊಬ್ಬರು ಅಮ್ಮನ ಹತ್ತಿರ ದನಿ ತಗ್ಗಿಸಿ ಕೇಳಿದರಂತೆ, "ಯಾವ ಆಸ್ಪತ್ರೆ? ಕಿದ್ವಾಯಿನಾ?" ಅಂತ. ಇಪ್ಪತ್ತು ವರ್ಷ "ಸ್ವಲ್ಪ ತೂಕ ಇಳಿಸ್ಬಾರ್ದಾ" ಅಂದವರೇ ಈಗ "ದಪ್ಪ ಇದ್ದಾಗ್ಲೇ ಮುಖದಲ್ಲಿ ಕಳೆ ಇತ್ತು" ಅಂದರು. ನಕ್ಕು ಸುಮ್ಮನಾಗುವುದು ಅಷ್ಟೊತ್ತಿಗೆ ಅಭ್ಯಾಸವಾಗಿತ್ತು.

ಕೂದಲು ಬಂತು, ಮುಖ ತುಂಬಿತು. ಚರ್ಮ ಮಾತ್ರ ತನ್ನ ಹಳೇ ಅಳತೆಯಲ್ಲೇ ಉಳಿಯಿತು.

ಒಂಬತ್ತನೇ ತರಗತಿಗೆ ನಾನು ಪ್ರತಿವರ್ಷ 'ಅಂಗಾಂಶಗಳು' ಪಾಠ ಮಾಡುತ್ತೇನೆ. ಅನುಲೇಪಕ ಅಂಗಾಂಶ, ಸಂಯೋಜಕ ಅಂಗಾಂಶ, ಚರ್ಮದ ಕೆಳಗೆ ಕೊಬ್ಬಿನ ಅಂಗಾಂಶ. ಪುಸ್ತಕದಲ್ಲಿ ಇಲ್ಲದ್ದನ್ನೂ ಸ್ವಲ್ಪ ಸೇರಿಸಿ ಹೇಳುವ ಚಾಳಿ ನನಗಿದೆ. ಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜೆನ್ ಎಳೆಗಳು, ಎಳೆದರೆ ವಾಪಸು ಬರುವ ಗುಣ ಕೊಡುವುದು ಎಲಾಸ್ಟಿನ್ ಎಳೆಗಳು. ಮಕ್ಕಳಿಗೆ ರಬ್ಬರ್ ಬ್ಯಾಂಡ್ ತೋರಿಸಿ ಹೇಳುತ್ತಿದ್ದೆ. ಹತ್ತು ವರ್ಷ ಎಳೆದೇ ಇಟ್ಟ ರಬ್ಬರ್ ಬ್ಯಾಂಡ್ ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಯಾವ ಮಗುವೂ ಕೇಳಿರಲಿಲ್ಲ. ಉತ್ತರ ನನ್ನ ಮೈಮೇಲೇ ಬಂತು. ಬಹಳ ಕಾಲ ಹಿಗ್ಗಿದ ಚರ್ಮದಲ್ಲಿ ಆ ಎಳೆಗಳು ತುಂಡಾಗಿ, ತೆಳುವಾಗಿ ಹೋಗಿರುತ್ತವೆ. ಕೊಬ್ಬು ಕರಗಿದರೂ ಚರ್ಮಕ್ಕೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ವಯಸ್ಸು, ಎಷ್ಟು ವರ್ಷ ದಪ್ಪವಿದ್ದರು, ಎಷ್ಟು ಕೆಜಿ ಇಳಿಯಿತು ಎನ್ನುವುದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಥರ. ವ್ಯಾಯಾಮದಿಂದ ಚರ್ಮದ ಒಳಗಿನ ಸ್ನಾಯು ಬೆಳೆಯುತ್ತದೆಯೇ ಹೊರತು ಚರ್ಮ ಕುಗ್ಗುವುದಿಲ್ಲ. ಎಣ್ಣೆ ತಿಕ್ಕಿದರೂ ಇಲ್ಲ.

ನನ್ನ ಹೊಟ್ಟೆಯ ಚರ್ಮ ಏಪ್ರನ್ ಹಾಗೆ ಮಡಚಿಕೊಂಡು ತೊಡೆಯ ಮೇಲೆ ಬೀಳುತ್ತಿತ್ತು. ಡಾಕ್ಟರುಗಳು ಅದಕ್ಕೆ 'ಪ್ಯಾನಸ್' ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಬಟ್ಟೆ ಎಂದೇ ಅರ್ಥ. ಕೂತರೆ ಮಡಿಲಲ್ಲಿ ಏನೋ ಇಟ್ಟುಕೊಂಡ ಹಾಗೆ. ಮಗ್ಗುಲಾದರೆ ಅದು ಒಂದು ಕ್ಷಣ ತಡವಾಗಿ ಮಗ್ಗುಲಾಗುತ್ತಿತ್ತು. ಬೇಗ ನಡೆದರೆ ಪಟಪಟ ಸದ್ದು. ಮಡಿಕೆಯ ಕೆಳಗೆ ಗಾಳಿಯಾಡದೆ ಬೆವರು ನಿಂತು, ಚರ್ಮಕ್ಕೆ ಚರ್ಮ ಉಜ್ಜಿ, ಮೊದಲು ಕೆಂಪು, ಆಮೇಲೆ ತುರಿಕೆ, ಏಪ್ರಿಲ್ ಬಂತೆಂದರೆ ಬಿರುಕು ಬಿಟ್ಟು ನೀರು ಒಸರುತ್ತಿತ್ತು. ಜೊತೆಗೆ ವಾಸನೆ. ಶಿಲೀಂಧ್ರದ ಸೋಂಕಿಗೆ ಮುಲಾಮು ಹಚ್ಚಿದರೆ ಹದಿನೈದು ದಿನ ವಾಸಿ, ಮತ್ತೆ ಅದೇ. ಬೆಳಗ್ಗೆ ಸ್ನಾನ ಮಾಡಿ, ಮಡಿಕೆ ಎತ್ತಿ ಹಿಡಿದು ಫ್ಯಾನಿನ ಕೆಳಗೆ ಹತ್ತು ನಿಮಿಷ ನಿಂತು ಒಣಗಿಸಿಕೊಂಡೇ ಸ್ಕೂಲಿಗೆ ಹೊರಡುತ್ತಿದ್ದೆ. ಮೂರನೇ ಪೀರಿಯಡ್ಡಿನ ಹೊತ್ತಿಗೆ ಮತ್ತೆ ಒದ್ದೆ. 118 ಕೆಜಿ ಇದ್ದಾಗ ಇಷ್ಟು ಕಾಟ ಇರಲಿಲ್ಲ. ಆಗ ಚರ್ಮದೊಳಗೆ ತುಂಬಿಕೊಂಡಿದ್ದರಿಂದ ಮಡಿಕೆ ಇಷ್ಟು ಆಳ ಇರಲಿಲ್ಲ.

ಈ ವಿಷಯದಲ್ಲಿ ಸೀರೆ ದೊಡ್ಡ ಮನಸ್ಸಿನದು. ಎಡಗೈಯಲ್ಲಿ ಮಡಿಕೆ ಎತ್ತಿ ಲಂಗದೊಳಗೆ ಸೇರಿಸಿ ಲಾಡಿ ಬಿಗಿದರೆ, ಮೇಲೆ ನೆರಿಗೆ ಕೂತರೆ, ಹೊರಗಿನವರಿಗೆ ಏನೂ ಕಾಣಿಸದು. ಬ್ಲೌಸ್ ಅಷ್ಟು ಉದಾರಿಯಲ್ಲ. ಹದಿನೈದು ವರ್ಷದಿಂದ ನನಗೆ ಬ್ಲೌಸ್ ಹೊಲಿಯುತ್ತಿರುವ ಟೈಲರ್ ಟೇಪು ಹಿಡಿದು ತೋಳಿನ ಹತ್ತಿರ ನಿಂತುಬಿಟ್ಟರು. "ಅಳತೆ ಯಾವುದು ತಗೊಳ್ಳಲಿ ಮೇಡಂ? ಕೈ ಎತ್ತಿದಾಗಿಂದಾ, ಇಳಿಸಿದಾಗಿಂದಾ?" ಅಂದರು. ಕೈ ಎತ್ತಿದರೆ ತೋಳಿನ ಕೆಳಗೆ ಚರ್ಮ ಜೋತುಬಿದ್ದು ಸುತ್ತಳತೆ ಜಾಸ್ತಿ, ಇಳಿಸಿದರೆ ಕಡಿಮೆ. ಬೋರ್ಡಿನ ಮೇಲೆ ಬರೆಯುವವಳು ನಾನು, ಎತ್ತಿದಾಗಿನದ್ದೇ ತಗೊಳ್ಳಿ ಅಂದೆ. ಒಳಗೆ ಎರಡಿಂಚು ಬಟ್ಟೆ ಬಿಟ್ಟಿರುತ್ತೇನೆ, ಬೇಕಾದರೆ ಬಿಚ್ಚಬಹುದು, ಹಿಡಿಯಬಹುದು ಅಂದರು. ದೇಹಕ್ಕೂ ಹಾಗೊಂದು ಹೊಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು ಅಂತ ನಕ್ಕೆವು.

ಅಂಥದ್ದೊಂದು ಹೊಲಿಗೆ ಇದೆ ಎನ್ನುವುದು ಬೆಂಗಳೂರಿನ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದಾಗ ಗೊತ್ತಾಯಿತು. ಅವರ ಹತ್ತಿರ ಹೋಗುವ ಮುಂಚೆ ಸೌಂದರ್ಯದ ಕ್ಲಿನಿಕ್ಕೊಂದರಲ್ಲಿ ಮೆಷಿನ್ನಿನ ಶಾಖ ಕೊಟ್ಟು ಚರ್ಮ ಬಿಗಿ ಮಾಡುತ್ತೇವೆ, ಆರು ಸಿಟ್ಟಿಂಗ್ ಪ್ಯಾಕೇಜು ಅಂದಿದ್ದರು. ಸರ್ಜನ್ ಹೊಟ್ಟೆಯ ಚರ್ಮವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಸ್ವಲ್ಪ ಸಡಿಲ ಇದ್ದವರಿಗೆ ಅದು ಸ್ವಲ್ಪ ಉಪಯೋಗ ಆಗಬಹುದು. ಇದಕ್ಕೆ ಆಗಲ್ಲಮ್ಮ. ಇದನ್ನ ತೆಗೀಬೇಕು ಅಷ್ಟೆ" ಅಂದರು.

ಅವರು ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದ್ದು ಹೀಗೆ. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ, ಕಿಬ್ಬೊಟ್ಟೆಯಲ್ಲಿ ಒಂದೇ ಉದ್ದದ ಗಾಯ. ಅಲ್ಲಿಂದ ಪಕ್ಕೆಲುಬಿನವರೆಗೂ ಚರ್ಮವನ್ನು ಬಿಡಿಸಿ ಎತ್ತುತ್ತಾರೆ. ಹೆರಿಗೆ ಮತ್ತು ಬೊಜ್ಜಿನಿಂದ ಎಡಬಲಕ್ಕೆ ಸರಿದ ಹೊಟ್ಟೆಯ ಸ್ನಾಯುಗಳನ್ನು ಹತ್ತಿರ ತಂದು ಹೊಲಿಯುತ್ತಾರೆ. ಚರ್ಮವನ್ನು ಕೆಳಕ್ಕೆ ಎಳೆದು ಹೆಚ್ಚಾದದ್ದನ್ನು ಕತ್ತರಿಸುತ್ತಾರೆ. ಹೊಕ್ಕುಳು ತನ್ನ ಬುಡದ ಮೇಲೆ ಇದ್ದಲ್ಲೇ ಇರುತ್ತದೆ. ಅದರ ಮೇಲೆ ಬಂದು ಕೂತ ಚರ್ಮದಲ್ಲಿ ಹೊಸ ಕಿಂಡಿ ಮಾಡಿ ಅದನ್ನು ಹೊರಗೆ ತರುತ್ತಾರೆ. ತೋಳಿಗಾದರೆ ಕಂಕುಳಿನಿಂದ ಮೊಣಕೈವರೆಗೆ ಗಾಯ. ತೊಡೆಗೆ, ಎದೆಗೆ, ಬೆನ್ನಿಗೆ ಬೇರೆ ಬೇರೆ. ಎಲ್ಲ ಒಂದೇ ಸಲಕ್ಕೆ ಆಗುವ ಮಾತಲ್ಲ. ಮೊದಲ ಆಪರೇಷನ್ ಆಗಿ 12ರಿಂದ 18 ತಿಂಗಳು ಕಳೆದಿರಬೇಕು, ಕೆಲವು ತಿಂಗಳಿಂದ ತೂಕ ಏರಿಳಿಯದೆ ನಿಂತಿರಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್, ಪ್ರೋಟೀನ್ ಸರಿ ಇರಬೇಕು. ಇಲ್ಲದಿದ್ದರೆ ಗಾಯ ಮಾಯುವುದು ಕಷ್ಟ. ಕೊನೆಗೆ ಅವರು ಹೇಳಿದ ಮಾತು ನನಗೆ ಹಿಡಿಸಿತು: "ಇದರಲ್ಲಿ ಮ್ಯಾಜಿಕ್ ಏನಿಲ್ಲ. ಜೋಲು ಚರ್ಮ ತಗೊಂಡು ಗೆರೆ ಕೊಡ್ತೀವಿ. ಗೆರೆ ಜೀವನಪೂರ್ತಿ ಇರುತ್ತೆ. ಆ ವ್ಯಾಪಾರ ಒಪ್ಪಿಗೆ ಇದ್ರೆ ಮಾತ್ರ ಮಾಡಿಸ್ಕೊಳ್ಳಿ."

ವ್ಯಾಪಾರ ನನಗೆ ಒಪ್ಪಿಗೆಯಿತ್ತು. ಒಪ್ಪದಿದ್ದವರು ಬೇರೆ.

ಮೊದಲನೆಯದು ವಿಮಾ ಕಂಪನಿ. ಆರೋಗ್ಯ ವಿಮೆಯಲ್ಲಿ ಯಾವುದನ್ನು ಹೊರಗಿಡಬಹುದು ಎಂಬುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪದ ಷರತ್ತುಗಳನ್ನು ಮಾಡಿತು. ಅದರ ಪ್ರಕಾರ ಬಿಎಂಐ 40 ಅಥವಾ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ತೀವ್ರ ಕಾಯಿಲೆಗಳಿದ್ದರೆ, ಡಾಕ್ಟರ ಸಲಹೆಯ ಮೇಲೆ ಮಾಡಿಸಿದ ತೂಕದ ಸರ್ಜರಿಯನ್ನು ಹೊರಗಿಡುವಂತಿಲ್ಲ. ನನ್ನದು 47 ಇತ್ತು. ಆ ಬಿಲ್ಲು ಪಾಸಾಗಿತ್ತು. ಅದೇ ಪಟ್ಟಿಯಲ್ಲಿ ಇನ್ನೊಂದು ಷರತ್ತು ಇದೆ. ರೂಪ ಬದಲಿಸುವ ಪ್ಲಾಸ್ಟಿಕ್ ಸರ್ಜರಿಗೆ ಹಣವಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆಗಿದ್ದರೆ, ಅಥವಾ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವಿದೆ ಎಂದು ಡಾಕ್ಟರು ದೃಢೀಕರಿಸಿದರೆ ಉಂಟು. ಚರ್ಮದ ಡಾಕ್ಟರು ಎರಡು ವರ್ಷದ ಸೋಂಕಿನ ಚೀಟಿಗಳನ್ನೆಲ್ಲ ಸೇರಿಸಿ ಪತ್ರ ಕೊಟ್ಟರು. ಉತ್ತರ ಒಂದೇ ಸಾಲು: ಇದು ಸೌಂದರ್ಯ ಚಿಕಿತ್ಸೆ. 'ನೇರವಾದ, ತಕ್ಷಣದ' ಎಂಬ ಎರಡು ಪದಗಳ ಮುಂದೆ ನನ್ನ ಎರಡು ವರ್ಷದ ಒಸರು ನಿಲ್ಲಲಿಲ್ಲ. ಒಂದೇ ಕಾಯಿಲೆಯ ಮೊದಲ ಅರ್ಧ ಚಿಕಿತ್ಸೆ, ಎರಡನೇ ಅರ್ಧ ಶೋಕಿ. ನಡುವೆ ಗೆರೆ ಎಳೆದವರು ನನ್ನ ಮೈ ನೋಡಿದವರಲ್ಲ.

ಎರಡನೆಯದು ಮನೆ. ಗಂಡ "ನಿನ್ನಿಷ್ಟ" ಅಂದರು. ಆ ಮಾತಿನಲ್ಲಿ ಅರ್ಧ ಪ್ರೀತಿ, ಅರ್ಧ ದುಡ್ಡಿನ ಯೋಚನೆ. ಅಮ್ಮ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದಳು. "ನಾಲ್ಕು ಹೆತ್ತ ಹೊಟ್ಟೆ ನಂದು. ಜೋಲು ಬೀಳದೆ ಏನು? ನಾವೇನು ಕತ್ತರಿಸ್ಕೊಂಡ್ವಾ? ಜೀವಕ್ಕೆ ಬೇಕು ಅಂತ ಒಂದ್ಸಲ ಮಾಡಿಸ್ಕೊಂಡೆ, ಸರಿ. ಈಗ ಶೋಕಿಗೂ ಟೇಬಲ್ ಮೇಲೆ ಮಲಗ್ತೀಯಾ?" ಆಮೇಲೆ ಟಿವಿಯಲ್ಲಿ ನೋಡಿದ ಸುದ್ದಿ ತೆಗೆದಳು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಯ ನಂತರ 21 ವರ್ಷದ ಕಿರುತೆರೆ ನಟಿಯೊಬ್ಬಳು ತೀರಿಕೊಂಡಿದ್ದಳು. "ಅಪ್ಪ ಅಮ್ಮನಿಗೂ ಹೇಳಿರ್ಲಿಲ್ವಂತೆ ಆ ಮಗು" ಅಂತ ಅಮ್ಮ ಕಣ್ಣೊರೆಸಿಕೊಂಡಳು. ಈ ಭಯವನ್ನು ನಾನು ತಳ್ಳಿಹಾಕಲಿಲ್ಲ, ಹಾಕುವಂಥದ್ದೂ ಅಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಗಾಯದಂಚು ಕೂಡದಿರುವುದು, ಸೋಂಕು, ಅರಿವಳಿಕೆಯ ತೊಂದರೆ ಎಲ್ಲವೂ ಈ ಸರ್ಜರಿಯಲ್ಲಿ ಇವೆ. ಮುಂದಿನ ಸಲ ಸರ್ಜನ್ ಹತ್ತಿರ ಹೋದಾಗ ಅಮ್ಮನ ಭಯವನ್ನೇ ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹೋದೆ. ನೀವು ಓದಿದ್ದು ಪ್ಲಾಸ್ಟಿಕ್ ಸರ್ಜರಿಯಲ್ಲೇನಾ? ಆಸ್ಪತ್ರೆಯಲ್ಲಿ ಐಸಿಯು ಇದೆಯಾ? ಅರಿವಳಿಕೆ ಡಾಕ್ಟರು ಯಾರು, ರಾತ್ರಿ ಯಾರಿರುತ್ತಾರೆ? ಅವರು ಬೇಸರಿಸಿಕೊಳ್ಳದೆ ಒಂದೊಂದಕ್ಕೂ ಉತ್ತರಿಸಿದರು. ಬೇಸರಿಸಿಕೊಂಡಿದ್ದರೆ ಎದ್ದು ಬರುವವಳಿದ್ದೆ.

ಅಮ್ಮನ ಮನಸ್ಸು ತಿರುಗಿದ್ದು ಯಾವ ವಾದದಿಂದಲೂ ಅಲ್ಲ. ಆ ಬೇಸಗೆಯಲ್ಲಿ ನನಗೆ ಜೋರು ಜ್ವರ ಬಂತು. ನಿಲ್ಲಲಾಗದೆ ಇದ್ದವಳಿಗೆ ಅಮ್ಮನೇ ಮೈ ಒರೆಸಿದಳು. ಬಿಸಿನೀರಿನ ಬಟ್ಟೆ ಹೊಟ್ಟೆಯ ಮಡಿಕೆಯ ಹತ್ತಿರ ಬಂದಾಗ ನಾನು ಕೈ ಹಿಡಿದೆ. ಅವಳು ಕೈ ಸರಿಸಿ, ಮಡಿಕೆ ಎತ್ತಿ ನೋಡಿದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಬೀರುವಿನಿಂದ ತನ್ನ ಹಳೇ ಕಾಟನ್ ಸೀರೆ ತಂದಳು, ತೊಳೆದು ತೊಳೆದು ಹೂವಿನಂತಾದದ್ದು. ಅದನ್ನು ಅಂಗೈಯಗಲ ಪಟ್ಟಿ ಪಟ್ಟಿಯಾಗಿ ಹರಿದಳು. ಒಂದು ಪಟ್ಟಿಯನ್ನು ಮಡಿಕೆಯೊಳಗೆ ಮೆಲ್ಲಗೆ ಹಾಸಿ, "ಚರ್ಮಕ್ಕೆ ಚರ್ಮ ತಾಗ್ಬಾರ್ದು" ಅಂದಳು. ಚರ್ಮದ ಡಾಕ್ಟರು ಹೇಳಿದ್ದೂ ಅದನ್ನೇ. ಆಮೇಲೆ ಬಾಗಿಲ ಹತ್ತಿರ ನಿಂತು ತನಗೇ ಹೇಳಿಕೊಳ್ಳುವ ಹಾಗೆ, "ಇದು ಗಾಯ ಕಣೇ" ಅಂದಳು.

ಆ ಪದ ನನಗೆ ಎಷ್ಟು ಬೇಕಾಗಿತ್ತು ಎಂದು ಆಗಲೇ ತಿಳಿದದ್ದು. ಎರಡು ವರ್ಷದಿಂದ ನಾನು ಓಡಾಡಿದ್ದೆಲ್ಲ ಯಾರಾದರೂ ಒಬ್ಬರ ಬಾಯಿಂದ ಈ ಪದ ಹೇಳಿಸುವುದಕ್ಕೆ. ಅದರ ಜೊತೆಗೇ ಇನ್ನೊಂದು ಸಿಟ್ಟೂ ಬಂತು. ಗಾಯ ತೋರಿಸಿದರೆ ಮಾತ್ರ ಹೆಣ್ಣಿಗೆ ತನ್ನ ಮೈಯ ಬಗ್ಗೆ ಒಂದು ಆಸೆ ಇಟ್ಟುಕೊಳ್ಳಲು ಅನುಮತಿಯೇ? ನಿಜ ಹೇಳಬೇಕೆಂದರೆ ನನ್ನ ಆಸೆ ಒಣಗಿದ ಚರ್ಮದ್ದು ಮಾತ್ರ ಆಗಿರಲಿಲ್ಲ. ಸ್ನಾನದ ಮನೆಯ ಕನ್ನಡಿಗೆ ಟವೆಲ್ ಹಾಕದೆ ಸ್ನಾನ ಮಾಡುವ ಆಸೆ ಇತ್ತು. ಚೂಡಿದಾರದ ಟಾಪು ಹೊಟ್ಟೆಯ ಮೇಲೆ ನೆಟ್ಟಗೆ ಇಳಿಯಬೇಕು ಎಂಬ ಆಸೆ ಇತ್ತು. ತುರಿಕೆ ಒಂದಿಷ್ಟು, ಚೆಲುವು ಒಂದಿಷ್ಟು ಅಂತ ಅವನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಡುವುದು ನನ್ನಿಂದಾಗುವುದಿಲ್ಲ. ಎರಡೂ ಒಂದೇ ಮಡಿಕೆಯೊಳಗೆ ಇದ್ದವು.

ಶಾಲೆಯ ಸಹಕಾರ ಸಂಘದಲ್ಲಿ ಸಾಲ ತೆಗೆದೆ. ದಸರಾ ರಜೆಗೆ ಸ್ವಲ್ಪ ರಜೆ ಸೇರಿಸಿಕೊಂಡೆ. ತೆಗೆದ ಚರ್ಮದ ತೂಕ 3.2 ಕೆಜಿ ಅಂತ ಸರ್ಜನ್ ಹೇಳಿದಾಗ ಅಮ್ಮ, "ಒಂದು ಕೂಸಿನ ತೂಕ" ಅಂದಳು. ಎರಡು ವಾರ ನೆಟ್ಟಗೆ ನಿಲ್ಲಲಾಗದೆ ಅಜ್ಜಿಯ ಹಾಗೆ ಬಾಗಿ ನಡೆದೆ, ಹೊಲಿಗೆ ಎಳೆಯಬಾರದು. ಗಾಯದೊಳಗಿನ ನೀರು ಹೊರಬರಲು ಎರಡು ಟ್ಯೂಬು, ತುದಿಗೆ ಎರಡು ಡಬ್ಬಿ. ತರಕಾರಿ ತರುವ ಬಟ್ಟೆ ಚೀಲದಲ್ಲಿ ಅವನ್ನಿಟ್ಟುಕೊಂಡು ಹೆಗಲಿಗೆ ಹಾಕಿ ಮನೆಯೊಳಗೆ ಓಡಾಡುತ್ತಿದ್ದೆ. ಟ್ಯೂಬು ತೆಗೆದ ಮೇಲೂ ಒಂದು ಕಡೆ ನೀರು ತುಂಬಿ ಎರಡು ಸಲ ಸೂಜಿಯಲ್ಲಿ ಎಳೆದು ತೆಗೆದರು. ಆರು ವಾರ ಹಗಲು ರಾತ್ರಿ ಬಿಗಿಯಾದ ಬೆಲ್ಟು. ಹೊಕ್ಕುಳ ಕೆಳಗಿನ ಚರ್ಮಕ್ಕೆ ಇವತ್ತಿಗೂ ಸರಿಯಾಗಿ ಸ್ಪರ್ಶವಿಲ್ಲ. ಕೆಲವೊಮ್ಮೆ ತುರಿಕೆಯಾಗುತ್ತದೆ, ಕೆರೆದರೆ ಆ ಜಾಗ ಕೈಗೆ ಸಿಗುವುದೇ ಇಲ್ಲ. ಗೆರೆ ಮೊದಲು ಕೆಂಪಗಿತ್ತು, ಉಬ್ಬಿತ್ತು. ಈಗ ಕಂದಾಗಿ ಚಪ್ಪಟೆಯಾಗುತ್ತಿದೆ. ಸರ್ಜನ್ ಹೇಳಿದ ವ್ಯಾಪಾರ ಹೇಳಿದ ಹಾಗೆಯೇ ನಡೆಯಿತು. ಮುಂದಿನ ಏಪ್ರಿಲ್ ಬಂತು, ಹೋಯಿತು. ಮುಲಾಮಿನ ಟ್ಯೂಬು ಒಡೆಯದೆ ಉಳಿಯಿತು.

ಈಗ ಪಿಯುಸಿ ಓದುತ್ತಿರುವ ಮಗಳು ಒಂದು ರಾತ್ರಿ ಪಕ್ಕದಲ್ಲಿ ಮಲಗಿಕೊಂಡು ಕೇಳಿದಳು: "ಅಮ್ಮಾ, ನಾನೂ ದಪ್ಪ ಆದ್ರೆ ಹಿಂಗೆಲ್ಲ ಮಾಡಿಸ್ಕೋಬೇಕಾ?" ಇಡೀ ಕಥೆಯಲ್ಲಿ ನನಗೆ ಕಷ್ಟವಾದ ಪ್ರಶ್ನೆ ಅದು. "ಬೇಕು" ಅಂದರೆ ಅವಳ ಮೈಯ ಮೇಲೆ ನಾನೇ ಗೆರೆ ಎಳೆದ ಹಾಗೆ. "ಬೇಡ" ಅಂದರೆ ನನ್ನ ಗೆರೆ ಸುಳ್ಳಾದ ಹಾಗೆ. "ಏನು ತೊಂದ್ರೆ ಅಂತ ಮೊದಲು ನೀನು ಹೇಳ್ಬೇಕು. ಬೇರೆಯವರು ಹೇಳಿದ್ದಕ್ಕಲ್ಲ. ನೀನು ಹೇಳಿದ್ದನ್ನ ನಾನು ಕೇಳ್ತೀನಿ" ಅಂದೆ. ಅವಳು "ಹೂಂ" ಅಂದು ನಿದ್ದೆ ಹೋದಳು. ಸಾಕಾಯಿತೋ ಇಲ್ಲವೋ ಗೊತ್ತಿಲ್ಲ. ನನ್ನ ಬಳಿ ಇದ್ದ ಉತ್ತರ ಅಷ್ಟೇ.

ತೋಳು ಹಾಗೇ ಇದೆ. ಅದಕ್ಕೆ ಸೋಂಕಿಲ್ಲ, ನೋವಿಲ್ಲ. ಸಾಲ ಇನ್ನೂ ತೀರಿಲ್ಲ. ಈ ವರ್ಷ 'ಅಂಗಾಂಶಗಳು' ಪಾಠದ ದಿನ ಬೋರ್ಡಿನ ಮೇಲ್ತುದಿಯಲ್ಲಿ ಚಿತ್ರ ಬರೆಯುತ್ತಿದ್ದಾಗ ತೋಳಿನ ಚರ್ಮ ತೂಗಾಡಿ ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನಿಮ್ಮ ಕೈ ಯಾಕೆ ಹಂಗೆ?" ಅಂದಳು. ತರಗತಿ ಗಪ್‌ಚುಪ್ಪಾಯಿತು. ನಾನು ಕೈ ಇಳಿಸದೆ, ಬರೆದ ಚಿತ್ರದಲ್ಲೇ ತೋರಿಸಿದೆ: ಇಲ್ಲಿ ಕೊಬ್ಬಿನ ಅಂಗಾಂಶ ಇತ್ತು, ಈಗ ಕಮ್ಮಿಯಾಗಿದೆ, ಇದು ಎಲಾಸ್ಟಿನ್, ಬಹಳ ವರ್ಷ ಹಿಗ್ಗಿ ಸೋತಿದೆ, ಅದಕ್ಕೇ ಹೀಗೆ. ರಬ್ಬರ್ ಬ್ಯಾಂಡಿನ ಪಾಠ ಅವತ್ತು ಪೂರ್ತಿಯಾಯಿತು. ಅವಳು ಸ್ವಲ್ಪ ಯೋಚಿಸಿ, "ನೋವಾಗುತ್ತಾ ಮಿಸ್?" ಅಂದಳು. ಇಲ್ಲ ಅಂದೆ. "ಹಂಗಾದ್ರೆ ಇರ್ಲಿ ಬಿಡಿ ಮಿಸ್" ಅಂದು ಕೂತಳು.

ವಿಮಾ ಕಂಪನಿ ಹೇಳಿದ್ದನ್ನೇ ಅವಳೂ ಹೇಳಿದ್ದಳು. ಆದರೆ ಕೇಳಿ ಹೇಳಿದ್ದಳು. ನಾನು ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸಿ, ಸ್ನಾಯು ಅಂಗಾಂಶಕ್ಕೆ ಬಂದೆ.